ಚಳಿಗೆ ಮುದ್ದೆ, ಸೆಕೆಗೆ ರೊಟ್ಟಿ: ಬೆಕ್ಕಿಗೂ ನಾಯಿಗೂ ಹಾಸಿಗೆ ಆರಿಸುವ ಲೆಕ್ಕ

ನಮ್ಮ ಮನೆ ಬೆಕ್ಕಿನ ಹೆಸರು ರಾಗಿ. ಮೈಬಣ್ಣ ಥೇಟ್ ರಾಗಿ ಹಿಟ್ಟಿನದು, ಅಲ್ಲಲ್ಲಿ ಸ್ವಲ್ಪ ಕೆಂಪು. ತೂಕ 4 ಕೆಜಿ. ಅವಳನ್ನು ನೇರವಾಗಿ ತೂಗಲು ಆಗುವುದಿಲ್ಲ, ತಕ್ಕಡಿ ಮೇಲೆ ಎರಡು ಸೆಕೆಂಡ್ ನಿಲ್ಲುವವಳಲ್ಲ. ಅದಕ್ಕೇ ಮೊದಲು ನಾನೊಬ್ಬಳೇ ತೂಕದ ಯಂತ್ರದ ಮೇಲೆ ನಿಲ್ಲುತ್ತೇನೆ. ಆಮೇಲೆ ಅವಳನ್ನು ಎತ್ತಿಕೊಂಡು ನಿಲ್ಲುತ್ತೇನೆ. ಎರಡರಲ್ಲಿ ಒಂದನ್ನು ಕಳೆದರೆ ರಾಗಿ ಸಿಕ್ಕಳು. ನಾಯಿ ಕರಿಯ 16 ಕೆಜಿ. ಬೀದಿಯಿಂದ ಬಂದವನು, ಈಗ ಮನೆಯವನು.

ನಾನು ಕೋಲಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಶಾಖದ ಪಾಠ ಬಂದಾಗಲೆಲ್ಲ ಈ ಇಬ್ಬರೂ ನನಗೆ ಜ್ಞಾಪಕ ಬರುತ್ತಾರೆ. ಯಾಕೆಂದರೆ ಇವರು ದಿನದ ಹೆಚ್ಚು ಹೊತ್ತು ಮಾಡುವ ಕೆಲಸ ಒಂದೇ, ಮಲಗುವುದು. ಎಲ್ಲಿ ಮಲಗುತ್ತಾರೆ ಅನ್ನುವುದು ಪೂರ್ತಿ ಭೌತಶಾಸ್ತ್ರ. ಎರಡು ವರ್ಷದಿಂದ ರಟ್ಟಿನ ಡಬ್ಬ, ಟೊಮೆಟೊ ಕ್ರೇಟ್, ಮಂಕರಿ, ಗೋಣಿಚೀಲ, ಅಂಗಡಿಯ ಫೋಮ್ ಹಾಸಿಗೆ, ಎಲ್ಲವನ್ನೂ ಇಟ್ಟು ನೋಡಿದ್ದೇನೆ. ಗೋಡೆಗೆ ಥರ್ಮಾಮೀಟರ್ ತೂಗುಹಾಕಿದ್ದೇನೆ, ಗಡಿಯಾರ ಹಿಡಿದು ಕೂತಿದ್ದೇನೆ. ನಿಮ್ಮ ಮನೆಗೆ ಯಾವುದು ಆಗುತ್ತದೆ ಅಂತ ಆರಿಸಿಕೊಳ್ಳಲು ಬೇಕಾದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಬೆಕ್ಕು ಎಷ್ಟು ವ್ಯಾಟ್ ಅಂತ ಗೊತ್ತಿರಲಿ

ಪ್ರಾಣಿಯ ತೂಕ ಗೊತ್ತಿದ್ದರೆ, ಅದು ಸುಮ್ಮನೆ ಮಲಗಿದ್ದಾಗ ಎಷ್ಟು ಶಾಖ ಹೊರಗೆ ಬಿಡುತ್ತದೆ ಅಂತ ಅಂದಾಜು ಮಾಡಬಹುದು. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ದಾರಿ ಅದು. ತೂಕದ ವರ್ಗಮೂಲ ತೆಗೆಯಿರಿ. ಬಂದ ಸಂಖ್ಯೆಗೆ ಮತ್ತೆ ವರ್ಗಮೂಲ ತೆಗೆಯಿರಿ. ಆ ಸಂಖ್ಯೆಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ಬಂದದ್ದನ್ನು 70ರಿಂದ ಗುಣಿಸಿ. ದಿನಕ್ಕೆ ಎಷ್ಟು ಕಿಲೊಕ್ಯಾಲರಿ ಅಂತ ಬರುತ್ತದೆ. ಕರಿಯನ 16 ಕೆಜಿಗೆ ಲೆಕ್ಕ ಸಲೀಸು: 16ರ ವರ್ಗಮೂಲ 4, ಅದರ ವರ್ಗಮೂಲ 2, ಮೂರು ಸಲ ಗುಣಿಸಿದರೆ 8, ಎಪ್ಪತ್ತೆಂಟ್ಲ 560. ವ್ಯಾಟ್ ಲೆಕ್ಕದಲ್ಲಿ ಅದು ಸುಮಾರು 27. ರಾಗಿಯ 4 ಕೆಜಿಗೆ ಸುಮಾರು 200 ಕಿಲೊಕ್ಯಾಲರಿ, ಅಂದರೆ ಹತ್ತು ವ್ಯಾಟ್‌ನ ಆಸುಪಾಸು.

ನಮ್ಮ ಹಾಲ್‌ನಲ್ಲಿ ಉರಿಯುವ ಎಲ್‌ಇಡಿ ಬಲ್ಬು 9 ವ್ಯಾಟ್. ಹಾಗಾಗಿ ರಾಗಿ ಅಂದರೆ ಹಗಲೂ ರಾತ್ರಿ ಆರದ, ತುಪ್ಪಳ ಹೊದ್ದ ಒಂದು ಬಲ್ಬು. ಹಾಸಿಗೆ ಆರಿಸುವುದು ಅಂದರೆ ಈ ಹತ್ತು ವ್ಯಾಟನ್ನು ಏನು ಮಾಡಬೇಕು ಅಂತ ತೀರ್ಮಾನ ಮಾಡುವುದು. ಚಳಿಯಲ್ಲಿ ಹಿಡಿದಿಟ್ಟುಕೊಳ್ಳುವ ಹಾಸಿಗೆ ಬೇಕು. ಸೆಕೆಯಲ್ಲಿ ಹೊರಗೆ ಬಿಡುವ ಹಾಸಿಗೆ ಬೇಕು. ಎರಡೂ ಕೆಲಸವನ್ನು ಒಂದೇ ಹಾಸಿಗೆ ಚೆನ್ನಾಗಿ ಮಾಡುವುದಿಲ್ಲ. ಮೊದಲ ವರ್ಷ ನನಗೆ ಇದು ಹೊಳೆದಿರಲಿಲ್ಲ.

ಇನ್ನೊಂದು ವಿಷಯ. ನಮಗೆ 25 ಡಿಗ್ರಿ ಹಿತವಾಗಿರುತ್ತದೆ. ಬೆಕ್ಕಿಗೆ ಹಾಗಲ್ಲ. ಮೈಯನ್ನು ಬೆಚ್ಚಗೆ ಇಟ್ಟುಕೊಳ್ಳಲೂ ತಣ್ಣಗೆ ಇಟ್ಟುಕೊಳ್ಳಲೂ ಅದು ಹೆಚ್ಚು ಕಷ್ಟಪಡಬೇಕಿಲ್ಲದ ಉಷ್ಣಾಂಶ ಸುಮಾರು 30ರಿಂದ 38 ಡಿಗ್ರಿ. ನಾಯಿಗೆ ಅದು ಸುಮಾರು 20ರಿಂದ 30. ಇಬ್ಬರ ಮೈ ಒಳಗೂ ಹೆಚ್ಚೂಕಡಿಮೆ ಒಂದೇ ಬಿಸಿ, 38ರಿಂದ 39 ಡಿಗ್ರಿ. ಆದರೂ ಹೊರಗೆ ಬೇಕಾಗಿರುವುದು ಬೇರೆ ಬೇರೆ. ನಮ್ಮ ಮನೆಯಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ನಡೆಯುವ ದೃಶ್ಯಕ್ಕೆ ಇದೇ ಕಾರಣ. ಕರಿಯ ಹೊಸಿಲ ಪಕ್ಕದ ಕಲ್ಲಿಗೆ ಹೊಟ್ಟೆ ಒತ್ತಿಕೊಂಡು ಏದುಸಿರು ಬಿಡುತ್ತಿರುತ್ತಾನೆ. ರಾಗಿ ಇನ್ನೂ ಡಬ್ಬದೊಳಗೆ ಸುತ್ತಿಕೊಂಡಿರುತ್ತಾಳೆ. 'ಪಾಪ ಬೆಕ್ಕಿಗೆ ಸೆಕೆ' ಅಂತ ಫ್ಯಾನ್ ಹಾಕಿದರೆ ಎದ್ದು ಹೋಗುತ್ತಾಳೆ. ನಮ್ಮ ಮೈಯಿಂದ ಅವಳ ಹಿತ ಅಳೆಯಬಾರದು.

ಮುದ್ದೆ ಮತ್ತು ರೊಟ್ಟಿ

ಊಟಕ್ಕೆ ಬಡಿಸಿದ ಮುದ್ದೆಯನ್ನು ನೋಡಿ. ಹತ್ತು ನಿಮಿಷ ಬಿಟ್ಟು ಮುರಿದರೂ ಒಳಗೆ ಕೈ ಸುಡುತ್ತದೆ. ಅದೇ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ ಬೇಯಿಸಿ ಇಟ್ಟರೆ ಅಷ್ಟು ಹೊತ್ತಿಗೆ ತಣ್ಣಗಾಗಿರುತ್ತದೆ. ಉಂಡೆಗೆ ಹೊರಮೈ ಕಡಿಮೆ, ಚಪ್ಪಟೆಗೆ ಜಾಸ್ತಿ. ಶಾಖ ಹೊರಗೆ ಹೋಗುವುದು ಹೊರಮೈಯಿಂದ ತಾನೇ?

ಬೆಕ್ಕೂ ಅಷ್ಟೆ. ನಾಲ್ಕು ಕೆಜಿ ಅಂದರೆ ಹೆಚ್ಚೂಕಡಿಮೆ ನಾಲ್ಕು ಲೀಟರ್ ಗಾತ್ರ. ಅದನ್ನು ಪೂರ್ತಿ ಗುಂಡಗೆ ಮಾಡಿದರೆ ಹೊರಮೈ ಸುಮಾರು 1,200 ಚದರ ಸೆಂಟಿಮೀಟರ್. ಅದನ್ನೇ 45 ಸೆಂಟಿಮೀಟರ್ ಉದ್ದದ ಕೊಳವೆ ಮಾಡಿದರೆ ಸುಮಾರು 1,700. ಧನುರ್ಮಾಸದಲ್ಲಿ ನಮ್ಮ ಕಡೆ ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆಗ ರಾಗಿ ಮುದ್ದೆ. ಮೂಗು ಬಾಲದ ಒಳಗೆ, ಕಾಲು ನಾಲ್ಕೂ ಹೊಟ್ಟೆ ಕೆಳಗೆ, ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ 35 ದಾಟಿ, ತಾರಸಿ ಕಾದು, ಮನೆಯೊಳಗೂ ಬೇಯುವಾಗ ರೊಟ್ಟಿ. ಮುಂಗಾಲು ಒಂದು ಗೋಡೆಗೆ, ಹಿಂಗಾಲು ಇನ್ನೊಂದು ಗೋಡೆಗೆ.

ನನ್ನ ಮಗಳು ಇದನ್ನು 'ರಾಗಿ ಥರ್ಮಾಮೀಟರ್' ಅಂತ ಕರೆಯುತ್ತಾಳೆ. ಒಂದು ತಿಂಗಳು ದಿನಾ ಸಂಜೆ ನಾಲ್ಕಕ್ಕೆ ರಾಗಿಯ ಆಕಾರ ಮತ್ತು ಗೋಡೆಯ ಉಷ್ಣಾಂಶ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ನಮ್ಮ ಮನೆಯಲ್ಲಿ 24ರ ಕೆಳಗೆ ಮುದ್ದೆ, 33ರ ಮೇಲೆ ರೊಟ್ಟಿ. ನಡುವೆ ಕಾಲು ಮಡಚಿ ಬ್ರೆಡ್ಡಿನ ಹಾಗೆ ಕೂರುವ ಭಂಗಿ. ನಿಮ್ಮ ಬೆಕ್ಕಿಗೆ ಅಂಕಿ ಬೇರೆ ಬರಬಹುದು. ಒಂದು ವಾರ ಬರೆದು ನೋಡಿ, ಆಮೇಲೆ ಹಾಸಿಗೆಗೆ ದುಡ್ಡು ಹಾಕಿ.

ರಟ್ಟಿನ ಡಬ್ಬ: ಮುದ್ದೆಗೆ ಇದೇ

ಡಬ್ಬದ ರಟ್ಟನ್ನು ಅಂಚಿನ ಕಡೆಯಿಂದ ನೋಡಿ. ಎರಡು ಹಾಳೆಯ ನಡುವೆ ಅಲೆ ಅಲೆಯಾಗಿ ಮಡಚಿದ ಇನ್ನೊಂದು ಹಾಳೆ ಇರುತ್ತದೆ. ಆ ಅಲೆಗಳ ಒಳಗೆ ಸಿಕ್ಕಿಕೊಂಡ ಗಾಳಿ ಅಲ್ಲಾಡುವುದಿಲ್ಲ. ಅಲ್ಲಾಡದ ಗಾಳಿ ಶಾಖವನ್ನು ಸುಲಭಕ್ಕೆ ದಾಟಲು ಬಿಡುವುದಿಲ್ಲ. ಗ್ರಾನೈಟ್ ಕಲ್ಲು ಅದಕ್ಕಿಂತ ನೂರು ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಡಬ್ಬದಲ್ಲಿ ಕೂತ ಹತ್ತು ವ್ಯಾಟ್ ಅಲ್ಲೇ ಉಳಿಯುತ್ತದೆ. ಜನವರಿಯ ಒಂದು ರಾತ್ರಿ ರಾಗಿ ಎದ್ದು ಹೋದ ತಕ್ಷಣ ಡಬ್ಬದೊಳಗೆ ಕೈ ಇಟ್ಟೆ. ಆಗತಾನೇ ಇಸ್ತ್ರಿ ಮಾಡಿ ಮಡಚಿಟ್ಟ ಬಟ್ಟೆ ಮುಟ್ಟಿದ ಹಾಗಿತ್ತು.

ಶಾಖ ಒಂದೇ ಅಲ್ಲ. 2014ರಲ್ಲಿ ನೆದರ್‌ಲ್ಯಾಂಡ್ಸಿನ ಯೂಟ್ರೆಕ್ಟ್ ವಿಶ್ವವಿದ್ಯಾಲಯದವರು ಬೆಕ್ಕುಗಳ ಆಶ್ರಯತಾಣಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳನ್ನು ಗಮನಿಸಿದರು. 10 ಬೆಕ್ಕಿಗೆ ಅಡಗಿ ಕೂರಲು ಡಬ್ಬ ಕೊಟ್ಟರು, 9ಕ್ಕೆ ಕೊಡಲಿಲ್ಲ. ಡಬ್ಬ ಸಿಕ್ಕ ಬೆಕ್ಕುಗಳು ಹೊಸ ಜಾಗಕ್ಕೆ ಬೇಗ ಹೊಂದಿಕೊಂಡವು, ಗಾಬರಿ ಬೇಗ ಇಳಿಯಿತು. ಮನೆ ಬದಲಾಯಿಸುತ್ತಿದ್ದೀರಾ? ಹೊಸ ಬೆಕ್ಕು ತರುತ್ತಿದ್ದೀರಾ? ಹಾಗಾದರೆ ಯಾವ ಕಾಲವಾದರೂ ಮೊದಲ ವಾರ ಡಬ್ಬ ಇಡಿ.

ಎಷ್ಟು ದೊಡ್ಡದು? ನಾನು ಮೂರು ಇಟ್ಟೆ. ಒಂದು ಟಿವಿ ಬಂದ ಡಬ್ಬ, ಒಂದು ಮಿಕ್ಸಿ ಬಂದ ಡಬ್ಬ, ಒಂದು ಎಣ್ಣೆ ಪ್ಯಾಕೆಟ್ಟಿನ ಡಬ್ಬ. ಟಿವಿ ಡಬ್ಬವನ್ನು ರಾಗಿ ಮೂಸಿ ಬಿಟ್ಟಳು. ಅಷ್ಟು ದೊಡ್ಡ ಜಾಗದ ಗಾಳಿಯನ್ನು ಹತ್ತು ವ್ಯಾಟ್‌ನಲ್ಲಿ ಕಾಯಿಸುವುದು ಆಗದ ಕೆಲಸ. ಎಣ್ಣೆ ಡಬ್ಬದಲ್ಲಿ ಕೂತಳು, ಆದರೆ ತಿರುಗಲು ಆಗಲಿಲ್ಲ. ಮಿಕ್ಸಿ ಡಬ್ಬದಲ್ಲಿ ಬೆನ್ನು ಒಂದು ಗೋಡೆಗೆ, ಮಂಡಿ ಇನ್ನೊಂದು ಗೋಡೆಗೆ ತಾಗಿತು. ಅಲ್ಲೇ ನಾಲ್ಕು ತಿಂಗಳು ಕಳೆದಳು. ಮುದ್ದೆಯಾದಾಗ ಸುತ್ತಲೂ ಎರಡು ಬೆರಳಿನಷ್ಟು ಜಾಗ ಉಳಿದರೆ ಸಾಕು.

ಮಳೆಗಾಲಕ್ಕೆ ಡಬ್ಬ ಬೇಡ. ರಟ್ಟು ಥಂಡಿ ಹಿಡಿಯುತ್ತದೆ. ಒದ್ದೆ ರಟ್ಟಿನ ಅಲೆಯಲ್ಲಿ ಗಾಳಿಯ ಬದಲು ನೀರಿರುತ್ತದೆ, ಬೆಚ್ಚಗಿಡುವ ಗುಣವೇ ಹೋಗುತ್ತದೆ.

ಬೆಕ್ಕು ದ್ರವವೋ, ಘನವೋ?

ಇದು ತಮಾಷೆ ಪ್ರಶ್ನೆ ಅನಿಸಬಹುದು. ಉತ್ತರ ಮಾತ್ರ ಹಾಸಿಗೆ ಆರಿಸಲು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮಾರ್ಕ್ ಆಂಟ್ವಾನ್ ಫಾರ್ಡಿನ್ ಎಂಬ ಫ್ರೆಂಚ್ ವಿಜ್ಞಾನಿ ಇದೇ ಪ್ರಶ್ನೆ ಎತ್ತಿಕೊಂಡು ಲೆಕ್ಕ ಮಾಡಿದರು. ಅದಕ್ಕೆ 2017ರ ಇಗ್‌ನೊಬೆಲ್ ಭೌತಶಾಸ್ತ್ರ ಪ್ರಶಸ್ತಿ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು.

ಪಾತ್ರೆಯ ಆಕಾರ ಪಡೆಯುವುದು ದ್ರವ ಅಂತ ಪಾಠದಲ್ಲಿ ಹೇಳುತ್ತೇವೆ. ಆದರೆ ಎಷ್ಟು ಹೊತ್ತಿನಲ್ಲಿ ಪಡೆಯುತ್ತದೆ? ಅದಕ್ಕೆ ಒಂದು ಅಂಕಿ ಇದೆ, ಡೆಬೋರಾ ಸಂಖ್ಯೆ. ವಸ್ತು ಹೊಸ ಆಕಾರಕ್ಕೆ ಒಗ್ಗಲು ಹಿಡಿಯುವ ಸಮಯವನ್ನು, ನಾವು ಅದನ್ನು ನೋಡುವ ಸಮಯದಿಂದ ಭಾಗಿಸಬೇಕು. ಒಂದಕ್ಕಿಂತ ತುಂಬಾ ಕಡಿಮೆ ಬಂದರೆ ದ್ರವ, ತುಂಬಾ ಜಾಸ್ತಿ ಬಂದರೆ ಘನ. 1964ರಲ್ಲಿ ಮಾರ್ಕಸ್ ರೈನರ್ ಈ ಹೆಸರು ಇಟ್ಟರು. ಬೈಬಲಿನಲ್ಲಿ ಡೆಬೋರಾ ಹಾಡುವ ಹಾಡಿನಲ್ಲಿ ಬೆಟ್ಟಗಳು ದೇವರ ಮುಂದೆ ಹರಿದವು ಎಂಬ ಮಾತು ಬರುತ್ತದೆ. ನಮ್ಮ ಅಂತರಗಂಗೆ ಬೆಟ್ಟಕ್ಕೆ ಹೋದಾಗ ನನಗೆ ಇದು ನೆನಪಾಗುತ್ತದೆ. ಬಸವನ ಬಾಯಿಂದ ನೀರು ಹರಿಯುವುದು ಕಣ್ಣಿಗೆ ಕಾಣುತ್ತದೆ. ಬೆಟ್ಟ ಹರಿಯುವುದನ್ನು ನೋಡುವಷ್ಟು ಆಯಸ್ಸು ನಮಗಿಲ್ಲ.

ರಾಗಿ ಮಿಕ್ಸಿ ಡಬ್ಬಕ್ಕೆ ಇಳಿದು, ಎರಡು ಸುತ್ತು ತಿರುಗಿ, ಮೂಲೆಗಳೆಲ್ಲ ತುಂಬುವಂತೆ ಇಳಿಬೀಳಲು 4 ನಿಮಿಷ. ನಾನು ನೋಡಿದ್ದು 2 ಗಂಟೆ. ನಾಲ್ಕನ್ನು ನೂರಿಪ್ಪತ್ತರಿಂದ ಭಾಗಿಸಿದರೆ ಸುಮಾರು 0.03. ಚೆನ್ನಾಗಿ ಹರಿಯುವ ದ್ರವ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಒಂದು ಸೆಕೆಂಡಿನಲ್ಲಿ ಡಬ್ಬದಿಂದ ಹಾರಿದಳು. ಆ ಒಂದು ಸೆಕೆಂಡಿನ ಲೆಕ್ಕದಲ್ಲಿ ಡೆಬೋರಾ ಸಂಖ್ಯೆ 240. ಗಟ್ಟಿ ಕಲ್ಲು.

ಇದರಿಂದ ಏನು ತಿಳಿಯಿತು? ಹಾಸಿಗೆ ಅವಳನ್ನು ದ್ರವವಾಗಲು ಬಿಡಬೇಕು. ಕುಕ್ಕರ್, ಟಿವಿ, ಬಾಗಿಲು, ಕರಿಯನ ಬಾಲ ಇವುಗಳಿಂದ ದೂರ ಇರಬೇಕು. ಮಿಕ್ಸಿ ಡಬ್ಬವನ್ನು ಅಡುಗೆಮನೆ ಬಾಗಿಲಿಂದ ದೇವರ ಕೋಣೆ ಪಕ್ಕಕ್ಕೆ ಸರಿಸಿದೆ ಅಷ್ಟೆ. ಅವಳು ಒಂದೇ ಸಮನೆ ನಿದ್ದೆ ಮಾಡುವ ಹೊತ್ತು ನಲವತ್ತು ನಿಮಿಷದಿಂದ ಒಂದೂವರೆ ಗಂಟೆಗೆ ಏರಿತು. ಹಾಸಿಗೆ ಬದಲಾಯಿಸುವ ಮುಂಚೆ ಜಾಗ ಬದಲಾಯಿಸಿ ನೋಡಿ.

ಬೆಕ್ಕಿಗೆ ನಾಲ್ಕು ಗೋಡೆ ನಿಜವಾಗಿ ಇರಲೇಬೇಕು ಅಂತಲೂ ಇಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನೆಲದ ಮೇಲೆ ಚೌಕ ಇದೆ ಎಂಬ ಭ್ರಮೆ ಹುಟ್ಟಿಸುವ ನಾಲ್ಕು ಕಾಗದದ ತುಂಡು ಇಟ್ಟರೂ ಬೆಕ್ಕುಗಳು ನಡುವೆ ಹೋಗಿ ಕೂತವು. ನಮ್ಮ ಮನೆಯಲ್ಲಿ ಇದಕ್ಕೆ ಕಾಗದವೂ ಬೇಕಿಲ್ಲ. ಅಮ್ಮ ಬಾಗಿಲಲ್ಲಿ ರಂಗೋಲಿ ಎಳೆಯುತ್ತಾ, ಚೌಕದ ನಾಲ್ಕನೇ ಎಳೆಗೆ ಬರುವ ಹೊತ್ತಿಗೆ ರಾಗಿ ಒಳಗೆ ಕೂತಿರುತ್ತಾಳೆ.

'ನೋಡೇ, ಎಳೆ ಮುಗಿಯೋಕ್ ಮುಂಚೆನೇ ಬಂದ್ ಕೂತ್ಲು ಮಹಾಲಕ್ಷ್ಮಿ' ಅಂತ ಅಮ್ಮ ಕೂಗುತ್ತಾರೆ. ಬೈಯುವುದಿಲ್ಲ. ಅವಳ ಸುತ್ತ ಬಳ್ಳಿ ಎಳೆದು ಮುಗಿಸುತ್ತಾರೆ.

ಟೊಮೆಟೊ ಕ್ರೇಟ್: ರೊಟ್ಟಿಗೆ ಇದು

ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ನಮ್ಮ ಊರಲ್ಲಿ ಪ್ಲಾಸ್ಟಿಕ್ ಕ್ರೇಟ್ ಇಲ್ಲದ ಮನೆ ಹುಡುಕಬೇಕು. ಭಾವ ಟೊಮೆಟೊ ಬೆಳೆಯುತ್ತಾರೆ, 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಮಂಡಿಗೆ ಹಾಕುತ್ತಾರೆ. ಒಂದು ದಿನ ಅವರನ್ನು ಕೇಳಿದೆ, ಬಾಕ್ಸಿಗೆ ಇಷ್ಟೊಂದು ತೂತು ಯಾಕೆ ಅಂತ.

'ಕಿತ್ತ ಮೇಲೂ ಹಣ್ಣು ಉಸಿರಾಡ್ತದಮ್ಮಾ. ಗಾಳಿ ಆಡದೆ ಒತ್ತಿಟ್ರೆ ಒಳಗೇ ಬಿಸಿ ಕಟ್ಕೊಂಡು ಕೊಳೆತು ಹೋಗ್ತದೆ' ಅಂದರು.

ಅಲ್ವಾ! ಟೊಮೆಟೊ ಕಿತ್ತ ಮೇಲೂ ಸಕ್ಕರೆ ಸುಟ್ಟು ಶಾಖ ಬಿಡುತ್ತದೆ. ಆ ಶಾಖ ಹೊರಗೆ ಹೋಗಲಿ ಅಂತ ಮಾಡಿದ ಪೆಟ್ಟಿಗೆ ಬೆಕ್ಕಿನ ಶಾಖವನ್ನೂ ಹೊರಗೆ ಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಗಿ ತಾನಾಗಿಯೇ ಡಬ್ಬ ಬಿಟ್ಟು ಕ್ರೇಟಿಗೆ ಬರುತ್ತಾಳೆ. ಕ್ರೇಟನ್ನು ನೆಲಕ್ಕೆ ಅಂಟಿಸಿ ಇಡುವುದಕ್ಕಿಂತ ಎರಡು ಇಟ್ಟಿಗೆ ಮೇಲೆ ಇಡಿ. ಕೆಳಗಿನಿಂದಲೂ ಗಾಳಿ ಆಡುತ್ತದೆ. ನಾನು ಕಿಟಕಿ ಪಕ್ಕ ನೆರಳಿನಲ್ಲಿ ಇಟ್ಟಿದ್ದೇನೆ. ತೊಳೆಯುವುದು ಸುಲಭ, ಇರುವೆ ಹತ್ತುವುದು ಕಡಿಮೆ, ಒಂದರ ಮೇಲೊಂದು ಇಟ್ಟು ಮಹಡಿ ಮನೆ ಮಾಡಿದರೂ ಅಲ್ಲಾಡುವುದಿಲ್ಲ. ಅದು ಮೊದಲೇ ಹಾಗೆ ಜೋಡಿಸಲು ಮಾಡಿದ್ದು.

ತೂತಿನ ವಿಷಯದಲ್ಲಿ ಮಾತ್ರ ಜೋಪಾನ. ಬೆಕ್ಕಿನ ಕಾಲರ್ ಬೋನ್, ಅಂದರೆ ಕತ್ತಿನ ಕೆಳಗಿನ ಅಡ್ಡ ಎಲುಬು, ನಮ್ಮದರ ಹಾಗೆ ಭುಜದ ಮೂಳೆಗೆ ಕಚ್ಚಿಕೊಂಡಿರುವುದಿಲ್ಲ. ಅದಕ್ಕೇ ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಕ್ರೇಟಿನ ತೂತಿಗೆ ತಲೆ ಹೋಗುವುದಿಲ್ಲ, ಆದರೆ ಮರಿಯ ಕಾಲು ಹೋಗುತ್ತದೆ. ರಾಗಿ ಆರು ವಾರದ ಮರಿಯಾಗಿದ್ದಾಗ ಹಿಂಗಾಲು ತೊಡೆಯವರೆಗೆ ಸಿಕ್ಕಿಸಿಕೊಂಡು ಕಿರುಚಿದಳು. ಎಳೆದಷ್ಟೂ ಬಿಗಿಯಿತು. ಕೊಬ್ಬರಿ ಎಣ್ಣೆ ಹಚ್ಚಿ, ಮೈಯನ್ನು ತೂತಿನ ಕಡೆಗೇ ಒತ್ತಿ ಸಡಿಲ ಮಾಡಿ, ಮೆಲ್ಲಗೆ ಹಿಂದಕ್ಕೆ ತೆಗೆದೆ. ನನ್ನ ಕೈ ನಡುಗುತ್ತಿತ್ತು. ನಾಲ್ಕು ತಿಂಗಳ ಒಳಗಿನ ಮರಿಗೆ ಕ್ರೇಟ್ ಬೇಡವೇ ಬೇಡ. ದೊಡ್ಡ ಬೆಕ್ಕಿಗೂ ತಳಕ್ಕೆ ಒಂದು ಪದರ ಹತ್ತಿ ಬಟ್ಟೆ ಹಾಸಿ.

ತೋಟದಿಂದ ಬಂದ ಕ್ರೇಟಾದರೆ ಔಷಧಿಯ ಅಂಶ ಉಳಿದಿರಬಹುದು. ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ. ಮೈಗೆ ತಾಗಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಸೋಪು ಹಾಕಿ ಎರಡು ಸಲ ಉಜ್ಜಿ, ಒಂದು ದಿನ ಬಿಸಿಲಿಗೆ ಬಿಡಿ.

ಮಂಕರಿ: ಎರಡಕ್ಕೂ ನಡುವೆ

ಒಂದೇ ಹಾಸಿಗೆ ಇಡಲು ಜಾಗವಿರುವವರಿಗೆ ನಾನು ಮಂಕರಿ ಹೇಳುತ್ತೇನೆ. ನಮ್ಮ ಪಕ್ಕದ ತೆಲುಗಿನವರ ಮನೆಯಲ್ಲಿ ಇದನ್ನೇ ಗಂಪ ಅನ್ನುತ್ತಾರೆ. ಬಿದಿರಿನ ಹೆಣಿಗೆಯಲ್ಲಿ ಸಣ್ಣ ಸಂದು ಇರುವುದರಿಂದ ಗಾಳಿ ಆಡುತ್ತದೆ, ಆದರೆ ಕ್ರೇಟಿನಷ್ಟು ಅಲ್ಲ. ತಳ ಗುಂಡಗಿರುವುದರಿಂದ ಮುದ್ದೆಗೆ ಸರಿಯಾಗಿ ಹೊಂದುತ್ತದೆ. ಚಳಿಗೆ ಒಳಗೆ ಒಣಹುಲ್ಲು ಹಾಕಿ. ಶ್ರೀನಿವಾಸಪುರದ ಕಡೆಯಿಂದ ಮಾವಿನಹಣ್ಣಿನ ಜೊತೆ ಬರುವ ಹುಲ್ಲನ್ನು ನಾನು ಒಣಗಿಸಿ ಎತ್ತಿಟ್ಟುಕೊಳ್ಳುತ್ತೇನೆ. ಹುಲ್ಲಿನ ಕಡ್ಡಿ ಒಳಗೆ ಟೊಳ್ಳು, ರಟ್ಟಿನ ಅಲೆಯ ಕೆಲಸವನ್ನೇ ಮಾಡುತ್ತದೆ. ಸೆಕೆಗೆ ಹುಲ್ಲು ತೆಗೆದರೆ ಆಯಿತು.

ತೊಂದರೆ ಎರಡು. ಮೊದಲನೆಯದು ಸಿಬಿರು. ಮೇದರವರ ಹತ್ತಿರ ಕೊಳ್ಳುವಾಗ ಒಳಗೆ ಅಂಗೈ ಆಡಿಸಿ ನೋಡಿ. ನಿಮ್ಮ ಕೈಗೆ ಚುಚ್ಚಿದ್ದು ಅವಳ ಪಾದಕ್ಕೂ ಚುಚ್ಚುತ್ತದೆ. ಎರಡನೆಯದು, ಮಂಕರಿಯ ಬಾಯಿ ಅಗಲ, ತಳ ಕಿರಿದು. ಬೆಕ್ಕು ಅಂಚಿನ ಮೇಲೆ ಮುಂಗಾಲು ಊರಿದಾಗ ತೂಕ ತಳದ ಆಚೆಗೆ ಬೀಳುತ್ತದೆ, ಮಂಕರಿ ಮಗುಚುತ್ತದೆ. ಒಂದು ಸಲ ಮಗುಚಿದರೆ ರಾಗಿ ಒಂದು ವಾರ ಆ ಕಡೆ ಸುಳಿಯುವುದಿಲ್ಲ. ತಳಕ್ಕೆ ಸಣ್ಣ ಚಪ್ಪಡಿ ಕಲ್ಲು ಇಟ್ಟು ಮೇಲೆ ಹುಲ್ಲು ಹಾಕಿ, ಇಲ್ಲವೇ ಗೋಡೆ ಮೂಲೆಗೆ ಒತ್ತರಿಸಿ.

ಬಿದ್ದರೂ ಬೆಕ್ಕು ಕಾಲಿನ ಮೇಲೇ ನಿಲ್ಲುತ್ತದಲ್ಲ ಅಂತ ಅನೇಕರು ಹೇಳುತ್ತಾರೆ. 1894ರಲ್ಲಿ ಫ್ರಾನ್ಸಿನ ಎತಿಯೆನ್ ಜೂಲ್ ಮಾರೇ ಬೀಳುವ ಬೆಕ್ಕಿನ ಫೋಟೊಗಳನ್ನು ಸಾಲಾಗಿ ತೆಗೆದು ಅದು ಹೇಗೆ ಅಂತ ತೋರಿಸಿದರು. ಬೆಕ್ಕು ನಡು ಬಗ್ಗಿಸಿ, ಮೈಯ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಬೇರೆ ಬೇರೆಯಾಗಿ ತಿರುಗಿಸಿಕೊಳ್ಳುತ್ತದೆ. ಆದರೆ ಅದಕ್ಕೂ ಸಮಯ ಬೇಕು. 30 ಸೆಂಟಿಮೀಟರ್ ಎತ್ತರದಿಂದ ನೆಲಕ್ಕೆ ಬರಲು ಕಾಲು ಸೆಕೆಂಡ್ ಮಾತ್ರ. ತಿರುಗಿ ನಿಂತರೂ, ಎತ್ತರದಿಂದ ಬಿದ್ದರೆ ಕಾಲು, ದವಡೆ, ಎದೆಗೆ ಪೆಟ್ಟಾಗುತ್ತದೆ. ಮಂಕರಿಯಾಗಲಿ ಕ್ರೇಟಾಗಲಿ, ತಾರಸಿಯ ಮೋಟುಗೋಡೆ ಮೇಲೆ ಇಡಲೇಬೇಡಿ.

ಕರಿಯನಿಗೆ: ಕಲ್ಲು ಮತ್ತು ಒದ್ದೆ ಗೋಣಿ

ನಾಯಿಯದು ಬೇರೆಯೇ ಲೆಕ್ಕ. ಕರಿಯ ರಾಗಿಯ ನಾಲ್ಕು ಪಟ್ಟು ತೂಕ, ಶಾಖ ಎರಡೂಮುಕ್ಕಾಲು ಪಟ್ಟು. ಬೆವರು ಇಲ್ಲವೆನ್ನುವಷ್ಟು ಕಡಿಮೆ, ಪಾದದಲ್ಲಿ ಮಾತ್ರ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ಅದಕ್ಕೇ ಅವನು ಕಲ್ಲು ಹುಡುಕುತ್ತಾನೆ.

ಕಲ್ಲು ತಣ್ಣಗಿರುತ್ತದೆ ಅಂತ ನಾವು ಅನ್ನುತ್ತೇವೆ. ಒಂದು ಸಣ್ಣ ಪ್ರಯೋಗ ಮಾಡಿ. ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಚಪ್ಪಡಿ ಮೇಲೆ ಒಂದು ಅಂಗೈ, ಮರದ ಹಲಗೆ ಮೇಲೆ ಇನ್ನೊಂದು ಅಂಗೈ ಇಡಿ. ಎರಡರ ಉಷ್ಣಾಂಶವೂ ಒಂದೇ, ಥರ್ಮಾಮೀಟರ್ ಇಟ್ಟು ನೋಡಬಹುದು. ಆದರೂ ಕಲ್ಲು ತಣ್ಣಗೆ ಅನಿಸುತ್ತದೆ. ಅದು ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಪಕ್ಕದ ಮನೆಯ ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. 'ಕೆಳಗ್ ಹೋದಷ್ಟೂ ಬಂಡೆ ಬಿಸಿ ಕಣಮ್ಮಾ, ಕೈ ಇಡಕ್ಕಾಗಲ್ಲ' ಅನ್ನುತ್ತಾರೆ. ಕಲ್ಲಿಗೆ ತನ್ನದೇ ಅಂತ ತಂಪು ಇಲ್ಲ. ಸುತ್ತ ಏನಿದೆಯೋ ಅದನ್ನೇ ದಾಟಿಸುತ್ತದೆ.

ಹಾಗಾಗಿ ಮನೆಯೊಳಗಿನ ಗ್ರಾನೈಟ್, ಕಡಪ ಕಲ್ಲು, ಹಳೇ ಮನೆಯ ರೆಡ್ ಆಕ್ಸೈಡ್ ನೆಲ, ಮೂರೂ ನಾಯಿಗೆ ಬೇಸಿಗೆಯಲ್ಲಿ ಒಳ್ಳೆಯ ಹಾಸಿಗೆ. ಮೂರರಲ್ಲಿ ಗ್ರಾನೈಟ್ ಮೇಲು. ಬಿಸಿಲು ಬೀಳುವ ಜಗಲಿ ಕಲ್ಲು ಮಾತ್ರ ಬೇಡ. ಹಗಲಿಡೀ ಹೀರಿಕೊಂಡ ಶಾಖವನ್ನು ರಾತ್ರಿ ಊಟದ ಹೊತ್ತಿನವರೆಗೂ ಬಿಡುತ್ತಾ ಇರುತ್ತದೆ. ಕೈಯ ಹಿಂಭಾಗ ಇಟ್ಟು ಐದು ಎಣಿಸಲು ಆಗದಿದ್ದರೆ ಅಲ್ಲಿ ನಾಯಿಯನ್ನು ನಡೆಸಲೂ ಬಾರದು.

ಒದ್ದೆ ಗೋಣಿಯ ಶಕ್ತಿ ನೋಡಿ ನಾನೇ ಬೆರಗಾದೆ. ಒಂದು ಲೀಟರ್ ನೀರು ಆವಿಯಾಗಿ ಹೋಗಲು ಸುಮಾರು 2,400 ಕಿಲೊಜೌಲ್ ಶಾಖ ಬೇಕು. ಕಿಟಕಿಗೆ ಕಟ್ಟಿದ ಗೋಣಿಯಿಂದ ಒಂದು ಲೀಟರ್ ಆರು ಗಂಟೆಯಲ್ಲಿ ಒಣಗಿದರೆ 110 ವ್ಯಾಟ್ ಶಾಖ ಹೀರಿದ ಹಾಗೆ. ನಾಲ್ಕು ಕರಿಯರ ಶಾಖ ಅದು. ರಾಗಿಯ ಲೆಕ್ಕದಲ್ಲಿ ಹನ್ನೊಂದು ಬೆಕ್ಕು! ನಮ್ಮ ಕಡೆಯ ಒಣ ಬೇಸಿಗೆಗೆ ಇದು ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ, ಗೋಣಿ ಒಣಗುವುದಿಲ್ಲ, ತಂಪೂ ಆಗುವುದಿಲ್ಲ. ಒದ್ದೆ ಗೋಣಿಯನ್ನು ನಾಯಿಗೆ ಹೊದಿಸಬೇಡಿ. ತುಪ್ಪಳದ ಮೇಲೆ ಮುಚ್ಚಳ ಹಾಕಿದ ಹಾಗೆ, ಒಳಗಿನ ಬಿಸಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಹೊಟ್ಟೆ ಕೆಳಗೆ ಹಾಸಿ, ಇಲ್ಲವೇ ಕಿಟಕಿಗೆ ಕಟ್ಟಿ.

ರಸಗೊಬ್ಬರ, ಔಷಧಿ ಬಂದ ಚೀಲ ಬೇಡ. ರಾಗಿಯದೋ ಕಡಲೆಕಾಯಿಯದೋ ಚೀಲ ಇರಲಿ. ಬಾಯಿ ಹೊಲಿದ ದಾರವನ್ನು ಪೂರ್ತಿ ಕಿತ್ತು ತೆಗೆಯಿರಿ. ಬೆಕ್ಕು ದಾರ ನುಂಗಿದರೆ ಕರುಳು ಮುದುಡಿ ಆಪರೇಷನ್‌ವರೆಗೂ ಹೋಗುತ್ತದೆ. ಇನ್ನೊಂದು ಮುಖ್ಯವಾದದ್ದು: ಕರಿಯನಿಗೆ ಚಿಗಟದ ಪುಡಿ ಹಾಕಿದ ವಾರ ರಾಗಿಯನ್ನು ಅವನ ಗೋಣಿ ಹತ್ತಿರ ಬಿಡುವುದಿಲ್ಲ. ನಾಯಿಗೆ ಹಾಕುವ ಕೆಲವು ಪುಡಿ, ಹನಿಗಳಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇರುತ್ತದೆ. ಅದು ಬೆಕ್ಕಿಗೆ ವಿಷ, ಜೀವಕ್ಕೇ ಅಪಾಯ. ರೇಷ್ಮೆ ಹುಳುವಿಗೂ ಅದು ವಿಷವೇ. ನನ್ನ ತವರು ಶಿಡ್ಲಘಟ್ಟದ ಕಡೆ. ಅಲ್ಲಿ ಹುಳು ಮನೆಯ ಹತ್ತಿರಕ್ಕೂ ಇಂಥ ಪುಡಿ ತರಲು ಅಜ್ಜಿ ಬಿಡುತ್ತಿರಲಿಲ್ಲ.

ಅಂಗಡಿಯ ಫೋಮ್ ಹಾಸಿಗೆ

ಎಲ್ಲ ಕಾಲಕ್ಕೂ ಆಗುತ್ತದೆ ಅಂತ ಅಂಗಡಿಯವರು ಹೇಳಿದರು. ಮೇ ತಿಂಗಳಲ್ಲಿ ತಂದೆ. ಇಬ್ಬರೂ ಮಲಗಲಿಲ್ಲ. ಫೋಮ್ ತುಂಬಾ ನಿಂತ ಗಾಳಿ, ಅದು ಚಳಿಗಾಲದ ಹಾಸಿಗೆ. ವಯಸ್ಸಾದ ನಾಯಿಗೆ ಮಾತ್ರ ಕೊಂಡರೆ ದಂಡವಲ್ಲ. ಸದಾ ಕಲ್ಲಿನ ಮೇಲೆ ಮಲಗಿದರೆ ಭಾರದ ನಾಯಿಯ ಮೊಣಕೈ ಒರಟಾಗಿ ಜಡ್ಡುಗಟ್ಟುತ್ತದೆ. ಕರಿಯನಿಗೆ ಶುರುವಾಗಿದೆ. ಈಗ ರಾತ್ರಿ ಹೊತ್ತು ಕಲ್ಲಿನ ಮೇಲೆ ಮೂರು ಮಡಿಕೆ ಗೋಣಿ ಹಾಸುತ್ತೇನೆ.

ಅವರೇ ಹುಡುಕಿಕೊಳ್ಳುವ ಜಾಗ

ನೀವು ಸರಿಯಾದ ಹಾಸಿಗೆ ಕೊಡದಿದ್ದರೆ ಬೆಕ್ಕು ತಾನೇ ಬಿಸಿ ಹುಡುಕುತ್ತದೆ. ಸೆಟ್‌ಟಾಪ್ ಬಾಕ್ಸ್, ಯುಪಿಎಸ್, ಫ್ರಿಜ್ಜಿನ ಹಿಂದೆ. ಇವು ಅಷ್ಟೇನೂ ತೊಂದರೆ ಇಲ್ಲ, ವೈರ್ ಕಚ್ಚದಿದ್ದರೆ. ಕಾರಿನ ಇಂಜಿನ್ ದೊಡ್ಡ ಅಪಾಯ. ಚಳಿ ರಾತ್ರಿ ಬಾನೆಟ್ ಒಳಗೆ ಹೋಗಿ ಮಲಗಿಬಿಡುತ್ತವೆ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಬಾನೆಟ್ ಮೇಲೆ ನಾಲ್ಕು ಸಲ ಜೋರಾಗಿ ತಟ್ಟಿ, ಸ್ವಲ್ಪ ಕಾಯಿರಿ. ಹಳೇ ಸೀರೆ ಹಾಸುವುದಾದರೆ ನುಸಿಗುಳಿಗೆ ವಾಸನೆ ಪೂರ್ತಿ ಹೋಗುವವರೆಗೆ ಒಗೆಯಿರಿ. ಅದೂ ಬೆಕ್ಕಿಗೆ ವಿಷ.

ಹಾಗಾದರೆ ನಿಮ್ಮ ಮನೆಗೆ?

ಶೀಟ್ ಮನೆಯಾದರೆ ಬೇಸಿಗೆಯೇ ಮುಖ್ಯ. ಕ್ರೇಟ್, ಕಲ್ಲು, ಕಿಟಕಿಗೆ ಗೋಣಿ. ಹಳೇ ಮಣ್ಣುಗೋಡೆಯ ಮನೆಯಾದರೆ ಸೆಕೆಯ ಚಿಂತೆ ಕಡಿಮೆ, ಒಂದು ಒಳ್ಳೆಯ ಮಂಕರಿ ವರ್ಷಪೂರ್ತಿ ನಡೆಯುತ್ತದೆ. ತಾರಸಿ ಮನೆಯ ಮೇಲಿನ ಮಹಡಿಯಲ್ಲಿದ್ದರೆ ಡಬ್ಬವೂ ಕ್ರೇಟೂ ಎರಡೂ ಬೇಕು. ಮರಿ ಹಾಕುವ ಬೆಕ್ಕಿಗೆ ಡಬ್ಬವೇ. ಕತ್ತಲೆ ಮೂಲೆಯಲ್ಲಿಟ್ಟು, ಒಂದು ಕಡೆ ಬಾಯಿ ಕತ್ತರಿಸಿ, ಮುಟ್ಟದೆ ಬಿಟ್ಟುಬಿಡಿ. ನಮ್ಮ ಅಜ್ಜಿ ಮನೆಯಲ್ಲಿ ಬೆಕ್ಕು ಒಡೆದ ವಾಡೆಯೊಳಗೆ, ಅಂದರೆ ಕಾಳು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆಯೊಳಗೆ, ಮರಿ ಹಾಕುತ್ತಿತ್ತು.

ಬದಲಾಯಿಸುವ ದಿನವನ್ನು ಕ್ಯಾಲೆಂಡರ್ ಅಲ್ಲ, ರಾಗಿಯ ಆಕಾರ ಹೇಳುತ್ತದೆ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ ಅನ್ನುತ್ತಾರೆ. ನಮ್ಮ ನೋಟ್‌ಬುಕ್ಕಿನ ಪ್ರಕಾರ ರಾಗಿ ಅದಾದ ಮೇಲೂ ಎರಡು ಮೂರು ವಾರ ಮುದ್ದೆಯಾಗಿಯೇ ಇರುತ್ತಾಳೆ. ಹಳೇ ಹಾಸಿಗೆಯನ್ನು ಥಟ್ಟನೆ ಎತ್ತಬೇಡಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಹೊಸದರಲ್ಲಿ ಅವಳ ಮೈವಾಸನೆಯ ಬಟ್ಟೆ ಒಂದು ಹಾಕಿ. ದಿನಕ್ಕೆ ಮೂರು ಸಲ, ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಎಲ್ಲಿದ್ದಾಳೆ ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಮೂರು ದಿನಕ್ಕೆ ಒಂಬತ್ತು ಗೆರೆ. ಹೊಸ ಹಾಸಿಗೆಗೆ ಆರು ಬಿದ್ದರೆ ಹಳೆಯದನ್ನು ಅಟ್ಟಕ್ಕೆ ಹಾಕಬಹುದು.